ಸ್ವಂತ ಕಟ್ಟಡ ಒಂದೂ ಇಲ್ಲದಾಗ ಆನ್‌ಲೈನ್‌ನಲ್ಲಿ ಪರಿಚಯ ಬೆಳೆಸುವುದು ಹೇಗೆ? ಹೊಸ ಆರ್ಕಿಟೆಕ್ಟ್‌ಗಳಿಗೆ

ಐದು ವರ್ಷ ಓದಿ, ಬೆಂಗಳೂರಿನ ಒಂದು ಆಫೀಸಿಗೆ ಸೇರಿ ವರ್ಷವೋ ಎರಡು ವರ್ಷವೋ ಆಗಿರುತ್ತದೆ. ದಿನವಿಡೀ ಟಾಯ್ಲೆಟ್ ಡಿಟೇಲ್, ಬಾಗಿಲು ಕಿಟಕಿ ಶೆಡ್ಯೂಲ್. ರಾತ್ರಿ ಫೋನ್ ತೆಗೆದರೆ ಜೊತೆಗೆ ಓದಿದವರು ಕಂಪ್ಯೂಟರಿನಲ್ಲಿ ಮಾಡಿದ ಕಟ್ಟಡದ ಚಿತ್ರಗಳು, ಅಂದರೆ ರೆಂಡರ್‌ಗಳು, ಪ್ರಶಸ್ತಿ ಫೋಟೊಗಳು. ನನಗೆ ಈ ಊರಲ್ಲಿ ಯಾರೂ ಗೊತ್ತಿಲ್ಲ, ತೋರಿಸೋಕೆ ನನ್ನ ಹತ್ತಿರ ಏನೂ ಇಲ್ಲ ಅನ್ನಿಸುತ್ತದೆ. ನನ್ನ ಹತ್ತಿರ ಮಾತಾಡುವ ಜೂನಿಯರ್‌ಗಳಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ. ನಾನೂ ಹಾಗೇ ಇದ್ದೆ. ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ, ನೆಂಟರಲ್ಲಿ ಯಾರೊಬ್ಬರೂ ಈ ಫೀಲ್ಡ್‌ನಲ್ಲಿ ಇರಲಿಲ್ಲ.

ಈಗ ನನಗೆ ಕೆಲಸ ಕೊಡುವವರು, ನನ್ನ ಕೆಲಸ ತಿದ್ದುವವರು, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೂ ಎತ್ತುವ ಸ್ಟ್ರಕ್ಚರಲ್ ಎಂಜಿನಿಯರ್, ಇವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೊದಲು ಪರಿಚಯ ಆದದ್ದು ಆನ್‌ಲೈನ್‌ನಲ್ಲೇ. ಅದರಲ್ಲಿ ಒಬ್ಬರೂ ನಾನು 'ಕೆಲಸ ಇದ್ದರೆ ಹೇಳಿ' ಎಂದು ಕೇಳಿದ್ದರಿಂದ ಸಿಕ್ಕವರಲ್ಲ. ನಾನು ಒಂದು ಕೆಲಸದ ಬಗ್ಗೆ ಏನೋ ಬರೆದೆ, ಅವರು ಆ ಕೆಲಸದ ಬಗ್ಗೆ ಮಾತಾಡಿದರು. ಈ ಲೇಖನ ಪೂರ್ತಿ ಅದರ ಬಗ್ಗೆಯೇ.

ಮೊದಲು ಹೆಸರು ಸರಿ ಮಾಡಿಕೊಳ್ಳಿ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಹಿರಿಯರು ಮೊದಲು ನೋಡುವುದೇ ಇದನ್ನು. ನಮ್ಮ ದೇಶದಲ್ಲಿ 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಡಿಗ್ರಿ ಕೈಗೆ ಬಂದ ಮಾತ್ರಕ್ಕೆ ಆಗುವುದಿಲ್ಲ. ಇನ್ನೂ ಒಂಬತ್ತನೇ ಸೆಮಿಸ್ಟರ್‌ನಲ್ಲಿ ಇರುವವರು ಇನ್‌ಸ್ಟಾಗ್ರಾಮ್‌ನಲ್ಲಿ ಹೆಸರಿನ ಮುಂದೆ 'ಆರ್.' (Ar., ಆರ್ಕಿಟೆಕ್ಟ್ ಎಂಬುದರ ಚಿಕ್ಕ ರೂಪ) ಎಂದು ಹಾಕಿಕೊಂಡಿರುವುದನ್ನು ದಿನಾ ನೋಡುತ್ತೇನೆ. ದಯವಿಟ್ಟು ತೆಗೆಯಿರಿ. 'ಆರ್ಕಿಟೆಕ್ಚರ್ ವಿದ್ಯಾರ್ಥಿ' ಅಥವಾ 'ಬಿ.ಆರ್ಕ್. ಪದವೀಧರೆ' ಎಂದು ಬರೆಯಿರಿ, ಅದರಲ್ಲಿ ಕಡಿಮೆ ಏನೂ ಇಲ್ಲ. ಡಿಗ್ರಿ ಮುಗಿದಿದ್ದರೆ ನೋಂದಣಿಗೆ ಅರ್ಜಿ ಹಾಕುವುದನ್ನು ಮುಂದೂಡಬೇಡಿ. ಸಿಎ ಎಂಬ ಎರಡಕ್ಷರ, ಅದರ ಮುಂದೆ ವರ್ಷ, ಅದರ ಮುಂದೆ ನಿಮ್ಮ ಸಂಖ್ಯೆ, ಹೀಗೆ ಒಂದು ನಂಬರ್ ಬರುತ್ತದೆ. ಅದನ್ನು ಪ್ರೊಫೈಲ್‌ನಲ್ಲಿ ಹಾಕಿ. ಯಾರು ಬೇಕಾದರೂ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹುಡುಕಿ ಖಚಿತ ಮಾಡಿಕೊಳ್ಳಬಹುದು.

ಎಲ್ಲ ಕಡೆ ಒಂದೇ ಹೆಸರು, ಒಂದೇ ಫೋಟೊ ಇಟ್ಟುಕೊಳ್ಳಿ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ಬರುವ ಸಾಲಿನಲ್ಲಿ 'ಕನಸುಗಳನ್ನು ಕಟ್ಟುವವಳು' ಎಂದೆಲ್ಲ ಬರೆಯಬೇಡಿ. ನೀವು ಏನು ಮಾಡುತ್ತೀರಿ, ಎಲ್ಲಿ, ಯಾವುದರಲ್ಲಿ ಆಸಕ್ತಿ, ಇಷ್ಟು ಸಾಕು. 'ಆರ್ಕಿಟೆಕ್ಟ್, ಬೆಂಗಳೂರು. ಮನೆಗಳ ವರ್ಕಿಂಗ್ ಡ್ರಾಯಿಂಗ್. ಮಲೆನಾಡಿನ ಹಂಚಿನ ಮಾಡುಗಳ ಬಗ್ಗೆ ಅಧ್ಯಯನ.' ಇದನ್ನು ಓದಿದವರಿಗೆ ನಿಮ್ಮ ಹತ್ತಿರ ಏನು ಮಾತಾಡಬಹುದು ಎಂದು ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ತೋರಿಸೋಕೆ ಏನಿದೆ?

ಹೊಸಬರಿಗೆ ನಿಜವಾದ ಕಷ್ಟ ಇದೇ. ಸ್ವಂತ ಪ್ರಾಜೆಕ್ಟ್ ಇಲ್ಲ. ಆಫೀಸಿನ ಪ್ರಾಜೆಕ್ಟ್ ನಿಮ್ಮದಲ್ಲ. ಕೊನೆಯ ವರ್ಷದ ಥೀಸಿಸ್ ಒಂದು ಇದೆ, ಅದನ್ನು ಎಷ್ಟು ಸಲ ಹಾಕುತ್ತೀರಿ?

ನನಗೆ ದಾರಿ ಗೊತ್ತಾದದ್ದು ಒಂದು ಮೆಟ್ಟಿಲಿನಿಂದ. ಸೈಟ್‌ನಲ್ಲಿ ನೆಲದಿಂದ ನೆಲಕ್ಕೆ 3,000 ಮಿ.ಮೀ. ಎತ್ತರ, 18 ರೈಸರ್ (ರೈಸರ್ ಅಂದರೆ ಒಂದು ಮೆಟ್ಟಿಲಿನ ಎತ್ತರ), ಒಂದೊಂದು ಸುಮಾರು 167 ಮಿ.ಮೀ. ಕಾಂಕ್ರೀಟ್ ಹಾಕಿದಾಗ ಎಲ್ಲ ಸಮ. ಆಮೇಲೆ ಕೆಳಗೂ ಮೇಲೂ ನೆಲಕ್ಕೆ 50 ಮಿ.ಮೀ. ಫಿನಿಶ್ (ಮೇಲುಹಾಸು) ಬಂತು, ಮೆಟ್ಟಿಲ ಮೇಲೆ ಮಾತ್ರ 20 ಮಿ.ಮೀ. ಗ್ರಾನೈಟ್. ಲೆಕ್ಕ ಹಾಕಿ ನೋಡಿ. ಮೊದಲ ರೈಸರ್ 137ಕ್ಕೆ ಇಳಿಯಿತು, ಕೊನೆಯದು 197ಕ್ಕೆ ಏರಿತು. ಮಧ್ಯದ 16 ರೈಸರ್ ಚೆನ್ನಾಗಿವೆ, ಮೊದಲನೆಯದರಲ್ಲಿ ಕಾಲು ಬೇಗ ನೆಲ ಮುಟ್ಟುತ್ತದೆ, ಕೊನೆಯದರಲ್ಲಿ ಎಡವುತ್ತದೆ. ಡ್ರಾಯಿಂಗ್ ಮಾಡಿದ್ದು ನಾನೇ. ನಾನು ಫಿನಿಶ್ ಲೆವೆಲ್ ಬರೆದಿರಲಿಲ್ಲ.

ಅವತ್ತು ರಾತ್ರಿ ಒಂದು ಹಾಳೆಯ ಮೇಲೆ ಕೈಯಲ್ಲಿ ಆ ಮೆಟ್ಟಿಲಿನ ಸೆಕ್ಷನ್ (ಕತ್ತರಿಸಿ ನೋಡಿದಂತೆ ತೋರಿಸುವ ಚಿತ್ರ) ಬರೆದೆ. ಮೊದಲ ಮತ್ತು ಕೊನೆಯ ರೈಸರ್ ಮಾತ್ರ ಕೆಂಪು ಪೆನ್ನಿನಲ್ಲಿ. ಕೆಳಗೆ ಆರು ಸಾಲು: ಏನಾಯಿತು, ಏಕಾಯಿತು, ಇನ್ನು ಮುಂದೆ ಡ್ರಾಯಿಂಗ್‌ನಲ್ಲಿ ಏನು ಬರೆಯುತ್ತೇನೆ. ಕಟ್ಟಡ ಯಾವುದು, ಯಾರದು ಎಂದು ಬರೆಯಲಿಲ್ಲ. ಅದಕ್ಕೆ ಬಂದ ಉತ್ತರಗಳಷ್ಟು ನನ್ನ ಥೀಸಿಸ್‌ಗೆ ಯಾವತ್ತೂ ಬಂದಿರಲಿಲ್ಲ. ಮಂಗಳೂರಿನ ಹಿರಿಯ ಆರ್ಕಿಟೆಕ್ಟ್ ಒಬ್ಬರು, ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಕಟ್ಟುವಾಗಲೇ ಮೊದಲ ರೈಸರನ್ನು 30 ಮಿ.ಮೀ. ಎತ್ತರಿಸಿ, ಕೊನೆಯದನ್ನು ಅಷ್ಟೇ ತಗ್ಗಿಸಿಬಿಡಿ ಎಂದು ತಾವೇ ಒಂದು ಸ್ಕೆಚ್ ಬರೆದು ಕಳಿಸಿದರು. ಒಬ್ಬ ಎಂಜಿನಿಯರ್ ಸ್ಲ್ಯಾಬ್ ಲೆವೆಲ್ ಮತ್ತು ಫಿನಿಶ್ ಲೆವೆಲ್ ಎರಡನ್ನೂ ಬೇರೆ ಬೇರೆ ಬರೆಯುವ ರೀತಿ ಹೇಳಿಕೊಟ್ಟರು. ಕಲ್ಲಿನ ವ್ಯಾಪಾರಿ ಒಬ್ಬರು ಗ್ರಾನೈಟ್ ಕೆಳಗೆ ಬೀಳುವ ಗಾರೆಯ ದಪ್ಪ ನೀವು ಲೆಕ್ಕಕ್ಕೇ ಹಿಡಿದಿಲ್ಲ ಎಂದರು. ಸರಿಯಾಗೇ ಹೇಳಿದ್ದರು. ಆ ಎಂಜಿನಿಯರೇ ನಾನು ಮೊದಲು ಹೇಳಿದ, ಒಂಬತ್ತು ಗಂಟೆಗೆ ಫೋನ್ ಎತ್ತುವವರು.

ಹಾಗಾಗಿ ತೋರಿಸೋಕೆ ನಿಮ್ಮ ಹತ್ತಿರ ಇದೆ: ಅಳೆದದ್ದು, ಗಮನಿಸಿದ್ದು, ತಪ್ಪಿ ಕಲಿತದ್ದು.

ಅಳೆಯುವುದಕ್ಕೆ ನಿಮ್ಮ ಊರಿಗಿಂತ ಒಳ್ಳೆಯ ಜಾಗ ಇಲ್ಲ. ಅಜ್ಜಿ ಮನೆಯೋ, ಪಕ್ಕದ ಮನೆಯೋ, ಹಳೆಯ ಸ್ಕೂಲೋ, ಕೇಳಿ ಒಪ್ಪಿಗೆ ತಗೊಂಡು ಅಳತೆ ತೆಗೆಯಿರಿ. ಒಂದು ಟೇಪು, ಒಂದು ಪುಸ್ತಕ, ಜೊತೆಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು. ಒಂದು ಭಾನುವಾರ ಪ್ಲ್ಯಾನ್, ಇನ್ನೊಂದು ಭಾನುವಾರ ಸೆಕ್ಷನ್. ತೊಟ್ಟಿಯ ಅಗಲ ಎಷ್ಟು, ಜಗಲಿ ನೆಲದಿಂದ ಎಷ್ಟು ಎತ್ತರ, ಅಟ್ಟದ ತೊಲೆಗೂ ತೊಲೆಗೂ ಎಷ್ಟು ಅಂತರ, ಪಕಾಸಿಯ (ಮಾಡಿನ ಇಳಿಜಾರಿನ ಮರ) ಮೇಲೆ ರೀಪು (ಹಂಚು ಕೂರುವ ಪಟ್ಟಿ) ಎಷ್ಟು ದೂರಕ್ಕೊಂದು. ಒಂದು ಹಂಚು ಇಳಿಸಿ ಮಗುಚಿ ನೋಡಿ. ಹಳೆಯ ಮಂಗಳೂರು ಹಂಚುಗಳ ಮೇಲೆ ಕಾರ್ಖಾನೆಯ ಹೆಸರು, ಊರಿನ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಆ ಹಂಚು ಎಲ್ಲೆಲ್ಲಿಗೆ ಹೋಯಿತು ಎಂದು ಹುಡುಕುವ ಜನ ಇವತ್ತಿಗೂ ಇದ್ದಾರೆ, ನಿಮ್ಮ ಒಂದು ಫೋಟೊ ಅವರಿಗೆ ಬೇಕಾಗಿರುತ್ತದೆ. ಇಂಥ ಮನೆಗಳನ್ನು ವರ್ಷ ವರ್ಷವೂ ಕೆಡವುತ್ತಿದ್ದಾರೆ, ಹೆಚ್ಚಿನವುಗಳ ಡ್ರಾಯಿಂಗ್ ಎಲ್ಲೂ ಇಲ್ಲ. ಅದನ್ನು ಮಾಡಿಟ್ಟವರು ನೀವಾದರೆ ಜನ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಮನೆಯವರ ವಿಳಾಸ, ಬೆಲೆಬಾಳುವ ವಸ್ತುಗಳ ಫೋಟೊ ಮಾತ್ರ ಹಾಕಬೇಡಿ.

ಗಮನಿಸುವುದು ಅಂದರೆ? ಬನ್ನೇರುಘಟ್ಟ ರಸ್ತೆಯ ಐಐಎಂ ತಗೊಳ್ಳಿ, ಬಿ.ವಿ. ದೋಶಿ ವಿನ್ಯಾಸ ಮಾಡಿದ್ದು. ಹೋದವರೆಲ್ಲ ಆ ಕಲ್ಲಿನ ಕಾರಿಡಾರ್‌ನ ಒಂದೇ ಫೋಟೊ ಹಾಕುತ್ತಾರೆ. ನೀವು ಒಪ್ಪಿಗೆ ಪಡೆದು ಒಳಗೆ ಹೋಗಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅದೇ ಜಾಗದಲ್ಲಿ ನಿಂತು, ಮೇಲಿನ ಅಡ್ಡತೊಲೆಗಳ ನೆರಳು ನೆಲದ ಮೇಲೆ ಎಲ್ಲಿ ಬೀಳುತ್ತದೆ, ಜನ ಯಾವ ಬದಿಯಲ್ಲಿ ನಡೆಯುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಆ ಒಂದು ಸ್ಕೆಚ್ ಸಾಕು.

ಆಫೀಸಿನ ಕೆಲಸ ಹಾಕುವ ಮುಂಚೆ ಕೇಳಿ

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಕೆಲಸದಲ್ಲಿದ್ದಾಗ ಒಂದು ಮನೆಯ ಸೈಟ್‌ನಲ್ಲಿ ಸ್ಲ್ಯಾಬ್ ಹಾಕಿದ ದಿನ ಖುಷಿಯಿಂದ ಫೋಟೊ ಹಾಕಿದೆ. ಹಿಂದೆ ಪಕ್ಕದ ಬೋರ್ಡು ಕಾಣುತ್ತಿತ್ತು, ಜಾಗ ಯಾವುದು ಎಂದು ಯಾರಿಗೂ ಗೊತ್ತಾಗುವಂತಿತ್ತು. ಮನೆ ಕಟ್ಟಿಸುವವರು ಆ ವಿಷಯ ತಮ್ಮ ಕಡೆಯವರಿಗೇ ಇನ್ನೂ ಹೇಳಿರಲಿಲ್ಲ. ಮಾರನೇ ದಿನ ಆಫೀಸಿನಲ್ಲಿ ಎಲ್ಲರ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಆ ಮನೆಯವರು ಆಮೇಲೆ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಲೇ ಇಲ್ಲ.

ಆದ್ದರಿಂದ ಸೇರುವಾಗಲೇ ಕೇಳಿಬಿಡಿ: ಇಲ್ಲಿ ನಾನು ಮಾಡಿದ ಡ್ರಾಯಿಂಗ್‌ಗಳಲ್ಲಿ ಯಾವುದನ್ನು ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದು, ಯಾವಾಗ ಹಾಕಬಹುದು? ಉತ್ತರವನ್ನು ಮೇಲ್‌ನಲ್ಲಿ ತಗೊಳ್ಳಿ. ಹಾಕಿದಾಗ ಆಫೀಸಿನ ಹೆಸರು ಮೊದಲು, ಆಮೇಲೆ ನಿಮ್ಮ ಪಾಲು ಏನು ಎಂದು ಸ್ಪಷ್ಟವಾಗಿ: 'ನಾನು ಮಾಡಿದ್ದು ಮೆಟ್ಟಿಲು ಮತ್ತು ಕಿಟಕಿಗಳ ಡಿಟೇಲ್'. ತಂಡದವರ ಹೆಸರು ಬಿಡಬೇಡಿ. ಬೇರೆಯವರ ವಿನ್ಯಾಸವನ್ನು ತನ್ನದು ಎಂದು ಹಾಕಿದ ಒಬ್ಬರ ಹೆಸರು ಈ ಫೀಲ್ಡ್‌ನಲ್ಲಿ ಎಷ್ಟು ಬೇಗ ಹರಡುತ್ತದೆ ಎಂದರೆ, ಆಮೇಲೆ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಅದು ಬಿಡುವುದಿಲ್ಲ.

ಎಲ್ಲಿ ಹಾಕಬೇಕು

ಎಲ್ಲ ಕಡೆ ಇರಬೇಕಿಲ್ಲ. ಎರಡು ಸಾಕು. ಲಿಂಕ್ಡ್‌ಇನ್ ಒಂದು, ಏಕೆಂದರೆ ಆಫೀಸಿನವರು, ಎಂಜಿನಿಯರ್‌ಗಳು, ಬಿಲ್ಡರ್‌ಗಳು ಅಲ್ಲಿ ಸಿಗುತ್ತಾರೆ. ಅಲ್ಲಿ ಪಿಡಿಎಫ್ ಅನ್ನೇ ಪೋಸ್ಟ್ ಆಗಿ ಹಾಕಬಹುದು, ಡ್ರಾಯಿಂಗ್‌ಗೆ ಅದು ಒಳ್ಳೆಯದು. ಇನ್ನೊಂದು ಇನ್‌ಸ್ಟಾಗ್ರಾಮ್. ಫೋನಿನ ಪುಟ್ಟ ಪರದೆಯಲ್ಲಿ ನೋಡುವುದರಿಂದ ಒಂದು ಚಿತ್ರಕ್ಕೆ ಒಂದೇ ವಿಷಯ ಇರಲಿ, ಗೆರೆ ದಪ್ಪ ಮಾಡಿ, ಅಕ್ಷರ ದೊಡ್ಡದು ಮಾಡಿ. ಎ1 ಅಳತೆಯ ದೊಡ್ಡ ಶೀಟನ್ನು ಹಾಗೇ ಹಾಕಿದರೆ ಯಾರಿಗೂ ಏನೂ ಕಾಣುವುದಿಲ್ಲ. ಪೂರ್ತಿ ಪೋರ್ಟ್‌ಫೋಲಿಯೊ ಇಡಲು ಬಿಹ್ಯಾನ್ಸ್ ಅಥವಾ ಇಶ್ಯೂ (Issuu) ಎಂಬ ವೆಬ್‌ಸೈಟ್ ಇದ್ದರೆ ಆಯಿತು. ಮೇಲ್‌ನಲ್ಲಿ ಕಳಿಸುವ ಪೋರ್ಟ್‌ಫೋಲಿಯೊ 12ರಿಂದ 15 ಪುಟ, 10 ಎಂಬಿ ಒಳಗೆ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಡ್ರಾಯಿಂಗ್ ಕಳಿಸುವಾಗ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅಳತೆಗಳು ಮಸುಕಾಗುತ್ತವೆ.

ಬರೆಯುವುದು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಎಂದು ತುಂಬ ಜನ ಕೇಳುತ್ತಾರೆ. ಎರಡರಲ್ಲೂ ಬರೆಯಿರಿ. ಹೊರ ರಾಜ್ಯದ ಆಫೀಸುಗಳಿಗೆ ಇಂಗ್ಲಿಷ್ ಬೇಕು. ಆದರೆ ಮನೆ ಕಟ್ಟಿಸುವ ನಮ್ಮ ಊರಿನ ಜನ, ಮೇಸ್ತ್ರಿಗಳು, ಬಡಗಿಗಳು ಓದುವುದು ಕನ್ನಡ. ಮೆಟ್ಟಿಲಿನ ಬಗ್ಗೆ, ಬಿಸಿಲಿನ ಬಗ್ಗೆ, ಸೋರುವ ಮಾಡಿನ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಬರೆಯುವ ಆರ್ಕಿಟೆಕ್ಟ್‌ಗಳು ಕಡಿಮೆ. ಹೊಸಬರಿಗೆ ಅಲ್ಲಿ ತುಂಬ ಜಾಗ ಇದೆ.

ಯಾರನ್ನು ಪರಿಚಯ ಮಾಡಿಕೊಳ್ಳಬೇಕು

ಹೆಸರಾಂತ ಆರ್ಕಿಟೆಕ್ಟ್‌ಗಳನ್ನು ಫಾಲೋ ಮಾಡಿ, ಕಲಿಯಿರಿ. ಆದರೆ ನಿಮಗೆ ದಿನನಿತ್ಯ ಬೇಕಾಗುವವರು ನಿಮಗಿಂತ ನಾಲ್ಕೈದು ವರ್ಷ ದೊಡ್ಡವರು. ನಿಮ್ಮ ಪ್ರಶ್ನೆ ಅವರಿಗೆ ಇನ್ನೂ ನೆನಪಿರುತ್ತದೆ. ನಿಮ್ಮ ಕಾಲೇಜಿನ ಹೆಸರು ಹಾಕಿ ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ ಸೀನಿಯರ್‌ಗಳು ಎಲ್ಲೆಲ್ಲಿ ಇದ್ದಾರೆ ಎಂದು ಪಟ್ಟಿಯೇ ಸಿಗುತ್ತದೆ. ಅಹಮದಾಬಾದ್, ಪುಣೆ, ದುಬೈ, ಲಂಡನ್. ಹೊರಗೆ ಹೋಗುವ ಯೋಚನೆ ಇದ್ದರೆ ಅವರನ್ನೇ ಕೇಳಿ. ಉದಾಹರಣೆಗೆ ಬ್ರಿಟನ್‌ನಲ್ಲಿ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು ಅಲ್ಲಿನ ಆರ್ಕಿಟೆಕ್ಟ್‌ಗಳ ನೋಂದಣಿ ಮಂಡಳಿ ಎಆರ್‌ಬಿಯಲ್ಲಿ ನೋಂದಣಿ ಆಗಬೇಕು, ನಮ್ಮ ಡಿಗ್ರಿ ಇದ್ದವರು ಆ ದಾರಿಯಲ್ಲಿ ಎಷ್ಟು ಕಾಲ ಕಳೆಯಬೇಕಾಗುತ್ತದೆ ಎಂದು ಅದನ್ನು ಮಾಡಿದವರು ಹೇಳಿದರೇ ಸರಿಯಾಗಿ ಗೊತ್ತಾಗುವುದು.

ಆರ್ಕಿಟೆಕ್ಟ್‌ಗಳನ್ನು ಮಾತ್ರ ಸೇರಿಸಿಕೊಳ್ಳಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಂಬಿಂಗ್ ಕನ್ಸಲ್ಟೆಂಟ್, ಫೋಟೊಗ್ರಾಫರ್, ಮಣ್ಣಿನ ಇಟ್ಟಿಗೆ ಮಾಡುವವರು, ಹಳೆಯ ಬಾಗಿಲು ತೊಲೆ ಮಾರುವವರು, ಇವರೆಲ್ಲ ಬೇಕು. ಚಿಕ್ಕಮಗಳೂರಿನ ಒಬ್ಬ ಬಡಗಿ ತನ್ನ ಕೆಲಸದ ವಿಡಿಯೊ ಹಾಕುತ್ತಾರೆ, ಮರದ ಜೋಡಣೆ ಹೇಗೆ ಕೂರಿಸುತ್ತಾರೆ ಎಂದು ನಾನು ಕಲಿತದ್ದು ಅವರಿಂದ.

ಮೊದಲ ಮೆಸೇಜ್

ಸುಮ್ನೆ 'ಹಾಯ್ ಸರ್' ಎಂದು ಕಳಿಸಿ ಉತ್ತರಕ್ಕೆ ಕಾಯಬೇಡಿ. 'ನಿಮ್ಮ ಕೆಲಸ ತುಂಬ ಇಷ್ಟ, ಅವಕಾಶ ಇದ್ದರೆ ತಿಳಿಸಿ' ಎಂಬುದೂ ಅವರಿಗೆ ದಿನಕ್ಕೆ ಹತ್ತು ಬರುತ್ತದೆ. ನೀವು ಅವರ ಕೆಲಸವನ್ನು ನಿಜವಾಗಿ ನೋಡಿದ್ದೀರಿ ಎಂದು ಒಂದು ಸಾಲಿನಲ್ಲೇ ಗೊತ್ತಾಗಬೇಕು. ನಾನು ಒಬ್ಬ ಹಿರಿಯರಿಗೆ ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

'ನಮಸ್ಕಾರ ಮೇಡಂ. ನಿಮ್ಮ ಕರಾವಳಿಯ ಮನೆಯ ಫೋಟೊಗಳಲ್ಲಿ ಮುರಕಲ್ಲಿನ ಗೋಡೆಗೆ ಪ್ಲಾಸ್ಟರ್ ಇಲ್ಲ, ಕಲ್ಲಿನ ಸಂದಿಗೆ ಪಾಯಿಂಟಿಂಗ್ ಮಾತ್ರ ಇದೆ. ಮಳೆ ನೇರವಾಗಿ ಹೊಡೆಯುವ ಪಶ್ಚಿಮದ ಗೋಡೆಯನ್ನೂ ಹಾಗೇ ಬಿಟ್ಟಿದ್ದೀರಾ, ಏನಾದರೂ ಹಚ್ಚಿದ್ದೀರಾ? ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ ಆರ್ಕಿಟೆಕ್ಟ್, ಎರಡು ವರ್ಷ ಆಯಿತು. ಊರಲ್ಲಿ ಒಂದು ಹಳೆಯ ಮನೆಯ ಅಳತೆ ತೆಗೆಯುತ್ತಿದ್ದೇನೆ, ಅಲ್ಲಿ ಇದೇ ಗೋಡೆ ಸವೆದಿದೆ. ಬಿಡುವಾದಾಗ ಒಂದು ಸಾಲು ಬರೆದರೂ ಸಾಕು.'

ಹನ್ನೊಂದು ದಿನದ ಮೇಲೆ ಉತ್ತರ ಬಂತು. ಮಾಡನ್ನು ಆ ಬದಿಗೆ ಎಷ್ಟು ಮುಂದಕ್ಕೆ ಚಾಚಿದ್ದಾರೆ ಎಂದು ಒಂದು ಸೆಕ್ಷನ್ ಜೊತೆಗೇ ಕಳಿಸಿದ್ದರು. ಉತ್ತರ ಬರದಿದ್ದರೆ ಎರಡು ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಅವರಿಗೆ ನಿಮ್ಮ ಮೇಲೆ ಸಿಟ್ಟು ಎಂದಲ್ಲ, ಸೈಟ್‌ನಲ್ಲಿ ಇರುತ್ತಾರೆ ಅಷ್ಟೇ.

ಹುಡುಗಿಯರಿಗೆ ಒಂದು ಮಾತು. ಕೆಲಸದ ಹೆಸರಲ್ಲಿ ಶುರುವಾಗಿ ತಡರಾತ್ರಿಯ ವೈಯಕ್ತಿಕ ಮೆಸೇಜ್‌ಗೆ ತಿರುಗುವವರು ಇದ್ದಾರೆ. ಉತ್ತರ ಕೊಡುವ ಋಣ ನಿಮಗಿಲ್ಲ, ಬ್ಲಾಕ್ ಮಾಡಿ. ಮೊದಲ ಭೇಟಿ ಹಗಲಲ್ಲಿ, ನಾಲ್ಕು ಜನ ಇರುವ ಕಡೆ ಇರಲಿ, ಮನೆಯಲ್ಲೋ ಗೆಳತಿಗೋ ಹೇಳಿ ಹೋಗಿ.

ಜಾಹೀರಾತಿನ ಗೆರೆ ಎಲ್ಲಿದೆ

ಇದನ್ನು ಕಾಲೇಜಿನಲ್ಲಿ ಒಂದು ಕ್ಲಾಸಿನಲ್ಲಿ ಹೇಳಿ ಬಿಟ್ಟಿರುತ್ತಾರೆ. ಕೌನ್ಸಿಲ್‌ನ 1989ರ ವೃತ್ತಿ ನಡತೆಯ ನಿಯಮಗಳ ಪ್ರಕಾರ ಆರ್ಕಿಟೆಕ್ಟ್ ತನ್ನ ಸೇವೆಯನ್ನು ಜಾಹೀರಾತು ಮಾಡುವಂತಿಲ್ಲ. ಕೆಲವು ವಿನಾಯಿತಿ ಇವೆ. ಕಟ್ಟಡದ ಮೇಲೆ ಹಾಕುವ ಹೆಸರಿನ ಅಕ್ಷರ 10 ಸೆಂ.ಮೀ. ಎತ್ತರ ಮೀರಬಾರದು ಎಂಬಷ್ಟು ವಿವರವಾಗಿ ಬರೆದಿದ್ದಾರೆ. ನಿಮ್ಮ ಕೆಲಸದ ಚಿತ್ರ, ವಿವರಣೆ ಮಾಧ್ಯಮಗಳಲ್ಲಿ ನಿಮ್ಮ ಹೆಸರಿನ ಜೊತೆ ಬರಬಹುದು, ಆದರೆ ಅದಕ್ಕೆ ದುಡ್ಡು ಕೊಡುವ ಹಾಗಿಲ್ಲ, ತಗೊಳ್ಳುವ ಹಾಗೂ ಇಲ್ಲ.

ಅಂದರೆ ಮಾಡಿದ ಕೆಲಸವನ್ನು ವಿವರಿಸಿ, ಡ್ರಾಯಿಂಗ್ ತೋರಿಸಿ, ಕಲಿತದ್ದು ಬರೆಯಿರಿ. 'ಚದರ ಅಡಿಗೆ ಇಷ್ಟು, ಕೂಡಲೇ ಸಂಪರ್ಕಿಸಿ' ಎಂದು ಹಾಕಬೇಡಿ. 'ನಿಮ್ಮ ಪ್ರಾಜೆಕ್ಟ್ ಆಯ್ಕೆ ಆಗಿದೆ, ಪ್ರಕಟಿಸಲು ಇಷ್ಟು ಶುಲ್ಕ ಕಟ್ಟಿ' ಎಂಬ ಮೇಲ್‌ಗಳು ಹೊಸಬರಿಗೆ ಜಾಸ್ತಿ ಬರುತ್ತವೆ. ಆ ದುಡ್ಡಿನಲ್ಲಿ ಒಳ್ಳೆಯ ಲೇಸರ್ ಅಳತೆ ಯಂತ್ರ ಬರುತ್ತದೆ, ಅದನ್ನು ತಗೊಳ್ಳಿ.

ಇನ್ನೊಂದು ಸಂದರ್ಭ. ಪೋಸ್ಟ್ ನೋಡಿ ಯಾರೋ ಬರೆಯುತ್ತಾರೆ: ನಮ್ಮ ಆರ್ಕಿಟೆಕ್ಟ್ ಸರಿ ಇಲ್ಲ, ನೀವು ಮುಂದುವರಿಸಿ ಎಂದು. ಆಸೆ ಆಗುವುದು ಸಹಜ. ಆದರೆ ಹಳಬರ ಒಪ್ಪಂದ ಮುಗಿದಿದೆ ಎಂಬುದಕ್ಕೆ ದಾಖಲೆ ನೋಡದೆ, ಅವರಿಗೆ ಬರವಣಿಗೆಯಲ್ಲಿ ತಿಳಿಸದೆ ಆ ಕೆಲಸ ಒಪ್ಪುವಂತಿಲ್ಲ, ಅದೂ ನಿಯಮದಲ್ಲೇ ಇದೆ. ಹೀಗೆ ನಾನು ಪತ್ರ ಬರೆದ ಒಬ್ಬ ಆರ್ಕಿಟೆಕ್ಟ್ ಆಮೇಲೆ ನನಗೆ ತಾವೇ ಒಂದು ಕೆಲಸ ಕಳಿಸಿದರು.

ಪರದೆಯಿಂದ ಆಚೆ ಬನ್ನಿ

ಆನ್‌ಲೈನ್ ಪರಿಚಯ ಒಂದು ಸಲ ಎದುರಾಬದುರು ಕೂತರೆ ಗಟ್ಟಿಯಾಗುತ್ತದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್‌ನ ಕರ್ನಾಟಕ ಶಾಖೆಯ ಕಾರ್ಯಕ್ರಮಗಳಿಗೆ ಹೋಗಿ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ನಗರ, ಕಟ್ಟಡಗಳ ಬಗ್ಗೆ ಉಪನ್ಯಾಸ ಆಗುತ್ತಿರುತ್ತವೆ, ಬೇರೆ ಊರಲ್ಲಿ ಇರುವವರು ಯೂಟ್ಯೂಬ್‌ನಲ್ಲಿ ನೋಡಬಹುದು. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಕೆಲಸ ಮಾಡುವ ಇಂಟ್ಯಾಕ್‌ನ ಬೆಂಗಳೂರು ಘಟಕ ಹಳೆಯ ಬಡಾವಣೆಗಳಲ್ಲಿ ನಡಿಗೆ ಮಾಡಿಸುತ್ತದೆ. ಹೋಗುವ ಮುಂಚೆ, ಆನ್‌ಲೈನ್‌ನಲ್ಲಿ ಗೊತ್ತಿರುವ ಒಬ್ಬರಿಗೆ 'ನಾನು ಬರುತ್ತಿದ್ದೇನೆ, ನೀವೂ ಇರುತ್ತೀರಾ?' ಎಂದು ಕೇಳಿ. ಉಪನ್ಯಾಸ ಆದ ಮೇಲೆ ಅಲ್ಲಿ ಬರೆದುಕೊಂಡ ಟಿಪ್ಪಣಿಯಲ್ಲಿ ಒಂದು ಪುಟ ಹಾಕಿ, ಮಾತಾಡಿದವರನ್ನು ಟ್ಯಾಗ್ ಮಾಡಿ. ಮಾತಾಡಿದವರಿಗೆ ತಮ್ಮ ಮಾತು ಯಾರೋ ಗಮನವಿಟ್ಟು ಕೇಳಿದ್ದಾರೆ ಎಂದು ಗೊತ್ತಾದರೆ ಎಷ್ಟು ಖುಷಿ ಆಗುತ್ತದೆ ಗೊತ್ತಾ?

ವಾರಕ್ಕೆ ಎಷ್ಟು ಹೊತ್ತು ಕೊಡಬೇಕು? ನಾನು ಎರಡು ಗಂಟೆ ಇಟ್ಟುಕೊಂಡಿದ್ದೆ. ಹದಿನೈದು ದಿನಕ್ಕೆ ಒಂದು ಪೋಸ್ಟ್, ವಾರಕ್ಕೆ ಮೂರು ನಾಲ್ಕು ಒಳ್ಳೆಯ ಕಾಮೆಂಟ್, ಒಂದು ಮೆಸೇಜ್. ಸೈಟ್‌ನಲ್ಲಿ ಸ್ಲ್ಯಾಬ್ ಇರುವ ವಾರ ಅದೂ ಇಲ್ಲ.

ಕೊನೆಯದಾಗಿ, ಒಂದು ಪುಸ್ತಕ ಇಡಿ. ಯಾರು, ಯಾವಾಗ, ಏನು ಹೇಳಿದರು. ನನ್ನ ಪುಸ್ತಕದಲ್ಲಿ ಮಂಗಳೂರಿನ ಆ ಹಿರಿಯರ ಹೆಸರಿನ ಮುಂದೆ 'ಮೊದಲ ರೈಸರ್ +30, ಕೊನೆಯದು -30' ಎಂದಿದೆ. ಎರಡು ವರ್ಷದ ಮೇಲೆ ನಾನು ಮಾಡಿದ ಇನ್ನೊಂದು ಮನೆಯಲ್ಲಿ ಮೆಟ್ಟಿಲು ಮುಗಿದ ದಿನ ಎಲ್ಲ ರೈಸರ್‌ಗೂ ಟೇಪು ಹಿಡಿದು, 167, 166, 167 ಎಂದು ಸೀಮೆಸುಣ್ಣದಲ್ಲಿ ಬರೆದು, ಫೋಟೊ ತೆಗೆದು ಅವರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಊರಿಗೆ ಹೋಗುವಾಗ ಮಂಗಳೂರಿಗೆ ಬಂದು ಹೋಗು, ಒಂದು ಹಳೇ ಮನೆ ಅಳೆಯುವುದಿದೆ ಎಂದರು.